ಅಣ್ಣನ ತೋಳಿನ ಪೈಪು

"ಬಿಡಬೇಡಿ. ಇನ್ನೂ ಗಟ್ಟಿಯಾಗಿ ಹಿಡ್ಕೊಳ್ಳಿ," ಎಂದಳು ನರ್ಸ್.

ನಾನು ಅಣ್ಣನ ತಲೆಯನ್ನು ಎರಡೂ ಅಂಗೈ ನಡುವೆ ಒತ್ತಿ ಎಡಕ್ಕೆ ತಿರುಗಿಸಿ ಹಿಡಿದಿದ್ದೆ. ಗಲ್ಲ ಎಡ ಭುಜಕ್ಕೆ ತಾಗಿಕೊಂಡೇ ಇರಬೇಕು, ನನಗೆ ಹೇಳಿದ್ದ ಕೆಲಸ ಅಷ್ಟೇ. ಅವನ ಎಡಗೈ ಮಂಚದ ಪಕ್ಕದ ಹಲಗೆಯ ಮೇಲೆ ಚಾಚಿತ್ತು. ಎದೆಯಿಂದ ಬೆರಳತುದಿವರೆಗೆ ನೀಲಿ ಬಟ್ಟೆ, ಮೇಲ್ದೋಳಿನ ಒಳಬದಿಯಲ್ಲಿ ಅಂಗೈಯಗಲದ ಒಂದು ಚೌಕ ಮಾತ್ರ ಬಯಲು. ಅಲ್ಲಿಗೆ ಬಳಿದಿದ್ದ ಔಷಧಿಯ ಕಿತ್ತಳೆ ಬಣ್ಣ ಇನ್ನೂ ಆರಿರಲಿಲ್ಲ. ಬಾಯಿಗೆ ಮಾಸ್ಕ್, ತಲೆಗೆ ಕಾಗದದ ಟೋಪಿ. ಅವನ ಒಳ್ಳೇ ಕಾಲು ಮಂಚದ ಕಬ್ಬಿಣಕ್ಕೆ ಟಕ್ ಟಕ್ ಟಕ್ ಅಂತ ಬಡಿಯುತ್ತಲೇ ಇತ್ತು.

"ಕಾಲು," ಎಂದಳು ನರ್ಸ್.

"ಕಾಲಿಗೂ ಕೈಗೂ ಏನು ಸಂಬಂಧ ಸಿಸ್ಟರ್?"

"ನಿಮ್ಮ ಕಾಲು ಕುಣಿದ್ರೆ ನನ್ನ ಸೂಜಿ ಕುಣಿಯತ್ತೆ."

ಕಾಲು ನಿಂತಿತು. ಬದಲಿಗೆ ಬಲಗೈ ಬೆರಳುಗಳು ಶುರುವಾದವು. ನಮ್ಮ ಅಣ್ಣ ಕೂತಲ್ಲಿ ಕೂರುವವನಲ್ಲ, ನಿಂತಲ್ಲಿ ನಿಲ್ಲುವವನಲ್ಲ. ಮಲಗಿಸಿ ಕೈಕಾಲು ಕಟ್ಟಿದರೂ ನಾಲಿಗೆಯಲ್ಲೇ ನಡೆದುಕೊಂಡು ಹೋಗಿಬಿಡುತ್ತಾನೆ. ಅದಕ್ಕೇ ನನ್ನನ್ನು ಒಳಗೆ ಕರೆಸಿಕೊಂಡಿದ್ದರು, ನನಗೂ ಟೋಪಿ, ಮಾಸ್ಕ್ ಹಾಕಿಸಿ. "ನೀವು ತಂಗೀನಾ? ಬನ್ನಿ, ಇವರ ತಲೆಗೆ ಒಂದು ಕ್ಲಾಂಪ್ ಬೇಕು" ಎಂದಿದ್ದಳು ಆಕೆ. ಆಗಲೇ ಅವಳು ಇಷ್ಟವಾಗಿದ್ದಳು.

"ಮರಗಟ್ಟೋ ಇಂಜೆಕ್ಷನ್. ಚುರ್ ಅನ್ನತ್ತೆ. ಆಮೇಲೆ ಎಳೆದ ಹಾಗೆ, ತಳ್ಳಿದ ಹಾಗೆ ಅನ್ನಿಸತ್ತೆ, ನೋವಾಗಲ್ಲ. ನೋವಾದ್ರೆ ಹೇಳಿ. ಬೇರೆ ಏನೂ ಹೇಳಬೇಡಿ."

"ರಕ್ತನಾಳಕ್ಕೆ ಹಾಕೋ ಆ ಪೈಪು ಎಷ್ಟು ದಪ್ಪ?"

"ಹೇಳಬೇಡಿ ಅಂದೆ. ಶೂ ಲೇಸಿಗಿಂತ ತೆಳು."

"ಒಳಗೆ ಬೆಂಡು, ತಿರುವು ಎಷ್ಟು?"

"ಭುಜದ ಹತ್ರ ಒಂದು, ಕುತ್ತಿಗೆ ಬುಡದಲ್ಲಿ ಒಂದು. ಆಮೇಲೆ ಸೀದಾ ಕೆಳಗೆ, ಹೃದಯದ ಬಾಗಿಲವರೆಗೆ. ಒಳಗೆ ಹೋಗಲ್ಲ, ಹೊಸ್ತಿಲಲ್ಲಿ ನಿಲ್ಲತ್ತೆ."

"ನೀರು ವಾಪಸ್ ಬರದ ಹಾಗೆ ವಾಲ್ವು?"

"ಇದೆ. ಬಾಯಿಗೂ ಒಂದು ಇದ್ದಿದ್ರೆ ಚೆನ್ನಾಗಿತ್ತು."

ಮಾಸ್ಕಿನೊಳಗೆ ಅಣ್ಣ ನಕ್ಕ. ಅವನ ಕೆನ್ನೆ ನನ್ನ ಅಂಗೈಯಲ್ಲಿ ಉಬ್ಬಿ ಇಳಿಯಿತು. ಅವನ ಮುಖವನ್ನು ನಾನು ಯಾವತ್ತೂ ಹೀಗೆ ಮುಟ್ಟಿದವಳಲ್ಲ. ನಮ್ಮಿಬ್ಬರ ನಡುವೆ ಕೈ ಬದಲಾಯಿಸುತ್ತಿದ್ದದ್ದು ನಲ್ಲಿ, ಪೈಪು ಬಿಗಿಯುವ ಪಾನಾಗಳು ಮಾತ್ರ. ಅಪ್ಪ ಸತ್ತ ಮೇಲೆ ಪ್ಲಂಬಿಂಗ್ ಕೆಲಸ ಅಣ್ಣನದಾಯಿತು, ಪಾನಾ ಕೊಡುವ ಕೆಲಸ ನನ್ನದಾಯಿತು. ಅವನು ಸಿಂಕಿನ ಕೆಳಗೆ ಮಲಗಿ ಕೈ ಚಾಚುತ್ತಿದ್ದ, ನಾನು ಸರಿಯಾದ ಅಳತೆಯದನ್ನು ಇಡುತ್ತಿದ್ದೆ. ಕೊನೆಗೆ ನನ್ನನ್ನೇ 'ಪಾನಾ' ಅಂತ ಕರೆಯತೊಡಗಿದ. ಗಿರಾಕಿಗಳ ಮುಂದೆ ಕೂಡ.

ಮಂಚದ ಬಲಗಡೆ ಸ್ಕ್ಯಾನ್ ಮಷೀನಿನ ಒಂದು ಸಣ್ಣ ಪರದೆ. ಅದರಲ್ಲಿ ಅವನ ರಕ್ತನಾಳ ಕಪ್ಪು ಗುಂಡಗೆ ಕಾಣುತ್ತಿತ್ತು, ಕತ್ತಲಲ್ಲಿ ಕೊಳವೆಯ ಬಾಯಿ ನೋಡಿದ ಹಾಗೆ. ಸೂಜಿ ಒಳಗೆ ಹೋಯಿತು, ಸೂಜಿಯೊಳಗಿಂದ ತಂತಿ, ತಂತಿಯ ಮೇಲೊಂದು ಕವಚ. ಆಮೇಲೆ ತಂತಿ ಹೊರಬಂದು, ಕವಚದೊಳಗಿಂದ ಆ ತೆಳು ಬಿಳಿ ಪೈಪು ಇಷ್ಟಿಷ್ಟೇ ಇಷ್ಟಿಷ್ಟೇ ಒಳಗೆ ಇಳಿಯತೊಡಗಿತು. ನಾನು ಅದನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. ಅಷ್ಟರಲ್ಲಿ ಅಣ್ಣ ನನ್ನ ಕೈ ಕೊಡವಿಕೊಂಡು ಬಲಕ್ಕೆ ತಿರುಗಿದ. ಪರದೆ ನೋಡಬೇಕಿತ್ತಂತೆ.

"ತಲೆ!" ಎಂದಳು ನರ್ಸ್. ನಾನು ಎಳೆದು ತಿರುಗಿಸಿದೆ.

ಆಕೆ ಪೈಪಿನ ಬಾಲಕ್ಕೆ ಉಪ್ಪುನೀರಿನ ಸಿರಿಂಜು ಸಿಕ್ಕಿಸಿ ಸ್ವಲ್ಪ ಒತ್ತಿದಳು.

"ಕಿವೀಲಿ ನೀರು," ಎಂದ ಅಣ್ಣ.

ಆಕೆಯ ಕೈ ನಿಂತಿತು. "ಯಾವ ಕಿವಿ?"

"ಎಡ. ಗೋಡೆಯೊಳಗಿನ ಪೈಪು ಸೋರಿದ ಹಾಗೆ. ಸ್ಸ್ಸ್ ಅಂತ."

ಇನ್ನೊಮ್ಮೆ ಒತ್ತಿದಳು. "ಈಗ?"

"ಈಗಲೂ."

"ಕುತ್ತಿಗೆ ಕಡೆ ಹತ್ತಿದೆ," ಎಂದಳು ಆಕೆ ನನಗೆ, ಅವನಿಗಲ್ಲ. "ತಿರುಗಿದ್ರಲ್ಲ, ದಾರಿ ಅಲ್ಲೇ ತೆರ್ಕೊಳ್ತು." ಪೈಪನ್ನು ಗೇಣುದ್ದ ಹಿಂದಕ್ಕೆಳೆದಳು. ನಾನು ಅವನ ಗಲ್ಲವನ್ನು ಭುಜದ ಮೂಳೆಗೆ ಅದುಮಿ ಹಿಡಿದೆ. ಮತ್ತೆ ಇಳಿಸಿ ಮತ್ತೆ ಒತ್ತಿದಳು. ಈ ಸಲ ಕಿವಿಯಲ್ಲಿ ಏನೂ ಕೇಳಲಿಲ್ಲ.

ಎಕ್ಸ್-ರೇ ಕೋಣೆಗೆ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗುವಾಗ ಅವನ ಎದೆ ಉಬ್ಬಿತ್ತು. "ಕೇಳಿಸ್ಕೊಂಡ್ಯಾ? ಅವಳ ಮಷೀನಿಗೆ ಗೊತ್ತಾಗಲಿಲ್ಲ. ನನ್ನ ಕಿವಿಗೆ ಗೊತ್ತಾಯ್ತು. ಇಪ್ಪತ್ತು ವರ್ಷ ಗೋಡೆಗೆ ಕಿವಿಯಿಟ್ಟಿದ್ದು ಸುಮ್ನೆ ಅಲ್ಲ."

"ತಲೆ ತಿರುಗಿಸಿದ್ದೂ ನೀನೇ."

"ಅದು ಬೇರೆ ವಿಷಯ."

ಅದು ಬೇರೆ ವಿಷಯವಾಗಿರಲಿಲ್ಲ. ಆದರೆ ಎಕ್ಸ್-ರೇಯಲ್ಲಿ ಪೈಪಿನ ತುದಿ ಇರಬೇಕಾದ ಜಾಗದಲ್ಲೇ ಕಂಡಿತು.

ಆ ಪೈಪು ಇಲ್ಲದಿದ್ದರೆ ಅವನು ಮನೆಗೆ ಬರುವ ಹಾಗೇ ಇರಲಿಲ್ಲ. ಹಿಂದೆ ಏಣಿಯಿಂದ ಬಿದ್ದು ಮುರಿದಿದ್ದ ಕಾಲಿಗೆ ಸ್ಟೀಲ್ ಪಟ್ಟಿ ಹಾಕಿದ್ದರು, ಆ ಮೂಳೆಯೊಳಗೆ ಕೀವು ಸೇರಿಕೊಂಡಿತ್ತು. ಪಟ್ಟಿ ತೆಗೆದು, ಮೂಳೆ ಕೆರೆದು, ರಕ್ತಕ್ಕೇ ಮದ್ದು ಬಿಡಲು ಶುರುಮಾಡಿದ್ದರು. ತಿಂಗಳುಗಟ್ಟಲೆ ಬಿಡಬೇಕು. ಮುಂಗೈ ನರಗಳು ಒಂದೊಂದಾಗಿ ಊದಿಕೊಂಡು ಕೈಕೊಟ್ಟವು. ಸರ್ಜನ್ ಕೈ ಕಟ್ಟಿ ನಿಂತು ಹೇಳಿದ್ದ: "ಒಂದು ದಿನವೂ ತಪ್ಪಬಾರದು. ಮೂಳೆ ಮದ್ದಿಗೆ ಬಗ್ಗಿದ್ರೆ ಸರಿ. ಬಗ್ಗದಿದ್ರೆ ಮಂಡಿ ಕೆಳಗಿನದನ್ನ ಬಿಟ್ಟುಕೊಡೋ ಮಾತು ಬರತ್ತೆ."

ಅದು ಅಣ್ಣನ ಕಿವಿಗೆ ಬಿತ್ತೋ ಇಲ್ಲವೋ. ಅವನ ಕಿವಿ ಆಗ ವಾರ್ಡಿನ ಮೂಲೆಯಲ್ಲಿ ತೊಟ್ಟಿಕ್ಕುತ್ತಿದ್ದ ನಲ್ಲಿಯ ಮೇಲಿತ್ತು. ಹಗಲೆಲ್ಲ ತೊಟ್, ತೊಟ್. ಅವನು ಮದ್ದಿನ ಬಾಟಲಿಯ ಕಂಬ ತಳ್ಳಿಕೊಂಡು, ಕುಂಟಿಕೊಂಡು, ವಾರ್ಡಿನ ಈ ಗೋಡೆಯಿಂದ ಆ ಗೋಡೆಗೆ ಓಡಾಡಿದ. ಒಂದು ಮಧ್ಯಾಹ್ನ ಚಮಚದ ಹಿಡಿಯಿಂದ ನಲ್ಲಿ ಬಿಚ್ಚಿ, ರಬ್ಬರ್ ಕೈಗವಸಿನ ಬೆರಳು ಕತ್ತರಿಸಿ ವಾಷರ್ ಮಾಡಿ ಹಾಕಿದ. ಪಕ್ಕದ ಮಂಚದವನು ಚಪ್ಪಾಳೆ ತಟ್ಟಿದ, ಮೇಲ್ವಿಚಾರಕಿ ಬಾಯಿಗೆ ಬಂದ ಹಾಗೆ ಬೈದಳು.

"ಇಲ್ಲೇ ಇನ್ನೂ ಇಟ್ಕೊಂಡ್ರೆ ಕಿಟಕಿಯಿಂದ ಹಾರ್ತೀನಿ," ಎಂದಿದ್ದ ನನಗೆ.

"ಹಾರು. ನೆಲಮಹಡಿ ಕಣೋ."

ಪೈಪು ಹಾಕಿಸಿಕೊಂಡರೆ ಮನೆಯಲ್ಲೇ ಮದ್ದು ಬಿಡಬಹುದು, ನೋಡಿಕೊಳ್ಳುವವರು ಒಬ್ಬರಿದ್ದರೆ. ಸರ್ಜನ್ ಹಾಗಂದಾಗ ಅಣ್ಣ ಆ ನೋಡಿಕೊಳ್ಳುವವರು ಯಾರು ಅಂತ ಒಂದು ಕ್ಷಣವೂ ಯೋಚಿಸಲಿಲ್ಲ. ಸಿಂಕಿನ ಕೆಳಗಿಂದ ಚಾಚುವ ಹಾಗೆ ನನ್ನ ಕಡೆ ಕೈ ಚಾಚಿದ, ಅಷ್ಟೇ.

ಕಲಿಸಲು ಒಂದು ಪುಟ್ಟ ಕೋಣೆಗೆ ಕರೆದೊಯ್ದರು. ಮೇಜಿನ ಮೇಲೆ ರಬ್ಬರಿನ ತೋಳು, ಅದಕ್ಕೂ ಒಂದು ಪೈಪು. ಕಲಿಸುವವಳು ಅಣ್ಣನಿಗೆ ಪೈಪು ಹಾಕಿದ ಅದೇ ನರ್ಸ್. ಮಾಸ್ಕ್ ತೆಗೆದ ಮೇಲೆ ನೋಡಿದರೆ ಮೂಗಿನ ಮೇಲೆ ಕನ್ನಡಕದ ಗುರುತಿದ್ದ, ನಿದ್ದೆಗೆಟ್ಟ ಮುಖ.

"ಮನೇಲಿ ಜವಾಬ್ದಾರಿ ಯಾರದು?"

"ನಂದೇ," ಎಂದ ಅಣ್ಣ.

"ನಿಮ್ಮನ್ನ ಕೇಳಲಿಲ್ಲ."

"ನಂದು," ಎಂದೆ.

ಆಮೇಲೆ ಆಕೆ ನನಗೇ ಹೇಳಿದಳು. ಕೈ ತೊಳೆಯಿರಿ, ತೊಳೆದೆ ಅನ್ನಿಸಿದ ಮೇಲೆ ಮತ್ತೆ ತೊಳೆಯಿರಿ. ಪೈಪಿನ ಬಾಯಿಯನ್ನು ಒರೆಸಿ, ಆರಲು ಬಿಡಿ, ಊದಬೇಡಿ. ಮದ್ದಿಗೆ ಮೊದಲೂ ಆಮೇಲೂ ಉಪ್ಪುನೀರು. ಒಂದೇ ಸಮ ಅಲ್ಲ, ಒತ್ತಿ ನಿಲ್ಲಿಸಿ, ಒತ್ತಿ ನಿಲ್ಲಿಸಿ. ವಾರಕ್ಕೊಮ್ಮೆ ಮೇಲಿನ ಪಾರದರ್ಶಕ ಪಟ್ಟಿ ಬದಲಾಯಿಸಲು ಇಲ್ಲಿಗೆ ಬನ್ನಿ. ಜ್ವರ, ನಡುಕ, ತೋಳು ಊದುವುದು, ಕೆಂಪಾಗುವುದು, ಯಾವುದು ಬಂದರೂ ತಕ್ಷಣ ಫೋನ್ ಮಾಡಿ. ಎಲ್ಲಾದರೂ ಸೋರಿದರೆ, ಸೋರುವ ಜಾಗಕ್ಕೂ ಮೈಗೂ ನಡುವೆ ಮಡಚಿ ಕ್ಲಿಪ್ಪು ಹಾಕಿ ಬನ್ನಿ.

"ಸಿರಿಂಜು ಇದೇ ದಪ್ಪದ್ದು. ಸಣ್ಣದನ್ನ ಕೈಗೆ ತಗೋಳೇಬೇಡಿ."

"ಯಾಕೆ?" ಎಂದ ಅಣ್ಣ.

"ಸಣ್ಣದರಲ್ಲಿ ಒತ್ತಡ ಜಾಸ್ತಿ ಆಗತ್ತೆ."

"ಹೌದಲ್ಲ," ಎಂದ ಅಣ್ಣ. ಅವನ ಕಣ್ಣು ಒಂದು ಥರ ಹೊಳೆಯಿತು. ಹಳೇ ಗಿರಾಕಿಯ ಮನೆಯಲ್ಲಿ ಹೊಸ ಮಾದರಿಯ ನಲ್ಲಿ ಕಂಡಾಗ ಹೊಳೆಯುತ್ತದಲ್ಲ, ಹಾಗೆ.

"ಒತ್ತಿದಾಗ ಹೋಗದಿದ್ರೆ?" ಎಂದು ಕೇಳಿದೆ ನಾನು.

"ಜೋರು ಮಾಡಬೇಡಿ. ಬಿಟ್ಟು ಫೋನ್ ಮಾಡಿ. ಅದನ್ನ ಬಿಡಿಸೋಕೆ ನಮ್ಮ ಹತ್ರ ಮದ್ದಿದೆ. ನೀವು ಮಾಡೋ ಕೆಲಸ ಅಲ್ಲ ಅದು. ಇನ್ನು ಇವರು, ಈ ಕೈಯಲ್ಲಿ ಭಾರ ಎತ್ತಬಾರದು. ಸ್ನಾನಕ್ಕೆ ಮುಂಚೆ ತೋಳಿಗೆ ಪ್ಲಾಸ್ಟಿಕ್ ಚೀಲ ಹಾಕ್ಬೇಕು. ನೀರಲ್ಲಿ ಮುಳುಗಿಸಬಾರದು, ಹಸಿ ಜಾಗದಲ್ಲಿ ಕೈ ಹಾಕಬಾರದು."

"ಸಿಸ್ಟರ್, ನಾನು ಪ್ಲಂಬರ್."

"ಸದ್ಯಕ್ಕಲ್ಲ," ಎಂದಳು.

*

ನಮ್ಮ ಮನೆ ಎಂದರೆ ವರ್ಕ್‌ಶಾಪಿನ ಹಿಂದಿನ ಎರಡು ಕೋಣೆ. ಫ್ರಿಜ್ಜಿನಲ್ಲಿ ಮದ್ದಿನ ಬಾಟಲಿಗಳು ಬ್ರೆಡ್ಡನ್ನು ಮೂಲೆಗೆ ತಳ್ಳಿದವು. ಬಾಗಿಲಿಗೆ ನರ್ಸ್ ಕೊಟ್ಟ ಫೋನ್ ನಂಬರ್ ಅಂಟಿಸಿದೆ. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಅಣ್ಣ ಕುರ್ಚಿಯಲ್ಲಿ ತೋಳು ಚಾಚುತ್ತಿದ್ದ, ನಾನು ಬಾಟಲಿಯನ್ನು ಕಿಟಕಿ ಪರದೆಯ ಕೊಕ್ಕೆಗೆ ನೇತುಹಾಕುತ್ತಿದ್ದೆ. ಮದ್ದು ಇಳಿಯುವವರೆಗೂ ಅವನ ಕಾಲು ನೆಲ ಬಡಿಯುತ್ತಿತ್ತು. "ಇಷ್ಟು ನಿಧಾನಕ್ಕೆ ಹರಿಯೋ ಲೈನು ನಾನು ಹಾಕಿದ್ರೆ ಗಿರಾಕಿ ಚಪ್ಪಲಿ ತಗೋತಿದ್ದ."

"ಗಿರಾಕಿ ನೀನೇ. ಸುಮ್ನೆ ಕೂತ್ಕೋ."

ನನಗೂ ಒಳಗೊಳಗೇ ಕಾಲು ಬಡಿಯುತ್ತಿತ್ತು, ಅವನದು ಕಾಣುತ್ತಿತ್ತು ಅಷ್ಟೇ. ಬೆಳಗ್ಗೆ ಅವನ ಮದ್ದು, ಹಗಲೆಲ್ಲ ಕೆಲಸ, ಸಂಜೆ ಅವನ ಮದ್ದು. ಕೆಲಸ ಬಿಡುವ ಹಾಗಿರಲಿಲ್ಲ. ಕುಂಟುಕಾಲಲ್ಲಿ ಬ್ರೇಕು ಒತ್ತಲಾಗದ ಕಾರಣ ವ್ಯಾನು ಓಡಿಸುವುದು ನನ್ನ ಪಾಲಿಗೆ ಬಂತು. ನನ್ನ ಹತ್ತಿರ ಲೈಸೆನ್ಸ್ ಯಾವಾಗಿನಿಂದಲೋ ಇತ್ತು. ವ್ಯಾನಿನ ಕೀಲಿ ಮಾತ್ರ ಅವನ ಕತ್ತಿನಲ್ಲಿ, ಅಪ್ಪ ಹಾಕಿಕೊಳ್ಳುತ್ತಿದ್ದ ಅದೇ ಕಪ್ಪು ದಾರದಲ್ಲಿ ತೂಗುತ್ತಿತ್ತು. ಹತ್ತುವಾಗ ತೆಗೆದು ಕೊಡುತ್ತಿದ್ದ. ಇಳಿದ ಕೂಡಲೇ ಕೈ ಚಾಚುತ್ತಿದ್ದ. ಎಂಜಿನ್ ಬಿಸಿ ಆರುವ ಮೊದಲೇ ಕೀಲಿ ಅವನ ಅಂಗಿಯೊಳಗೆ.

ವ್ಯಾನಿನ ಪಕ್ಕದಲ್ಲಿ ಅಪ್ಪ ಬರೆಸಿದ್ದ ಅಕ್ಷರಗಳು ಹಾಗೇ ಇದ್ದವು: ಪೈಪು, ನಲ್ಲಿ, ಬಾಯ್ಲರ್ ಕೆಲಸ, ತಂದೆ ಮತ್ತು ಮಗ. ನಾನು ಹಲವು ಸಲ ಕೇಳಿದ್ದೆ. "ತಂದೆ ಇಲ್ಲ. ಮಗ ಒಬ್ಬನೇ ಮಾಡ್ತಿಲ್ಲ. ಬೋರ್ಡು ಬದಲಾಯಿಸೋಣ." "ನೋಡೋಣ," ಎನ್ನುತ್ತಿದ್ದ. "ನನಗೆ ಬೇರೆಯಾಗಿ ಕೆಲಸ ಹಿಡಿಯೋಕೆ ಬಿಡು, ವಾರದಲ್ಲಿ ಎರಡು ದಿನ ವ್ಯಾನು ಕೊಡು." "ನೋಡೋಣ." ಅವನ 'ನೋಡೋಣ' ಗೋಡೆಯೊಳಗಿನ ಪೈಪಿನ ಹಾಗೆ: ಇದೆ ಅಂತ ಗೊತ್ತು, ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿಲ್ಲ.

ಈಗ ನಾನು ಸಿಂಕಿನ ಕೆಳಗೆ ಮಲಗುತ್ತಿದ್ದೆ, ಅವನು ಬಕೆಟ್ಟು ಮಗುಚಿ ಅದರ ಮೇಲೆ ಕೂತು, ಪೈಪು ಮುಚ್ಚಲು ಎಡತೋಳಿಗೆ ಹೊದಿಸಿದ ಕಾಲುಚೀಲದ ತುಂಡನ್ನು ಎಳೆದುಕೊಳ್ಳುತ್ತಾ, ಬಾಯಲ್ಲೇ ಕೆಲಸ ಮಾಡುತ್ತಿದ್ದ.

"ಎಡಕ್ಕೆ. ನಿಂಗೆ ಎಡ ಅಲ್ಲ, ನಂಗೆ ಎಡ."

"ಅಣ್ಣಾ, ಬಾಯ್ಮುಚ್ಚು. ಪಾನಾ ಕೊಡು."

ಆ ಮಾತು ನನ್ನ ಬಾಯಿಂದ ಬಂದ ದಿನ ಅವನು ಪೆಟ್ಟಿಗೆಯೊಳಗೆ ಕೈಯಾಡಿಸಿದ. ಆಮೇಲೆ ಪಾನಾ ನನ್ನ ಕೈಗೆ ಬಂತು. ಅಳತೆ ತಪ್ಪು. ನಾನೇ ಕೈ ಚಾಚಿ ಸರಿಯಾದದ್ದು ತೆಗೆದುಕೊಂಡೆ.

ಊರಿನ ದೊಡ್ಡ ಲಾಂಡ್ರಿಯವಳು ಕರೆದದ್ದು ಆಗಲೇ. ನಾಲ್ಕು ಆಸ್ಪತ್ರೆ, ಎರಡು ಹೋಟೆಲಿನ ಚಾದರಗಳನ್ನು ಒಗೆಯುವ ಜಾಗ. ಬಿಸಿನೀರಿನ ಲೈನು ಪೂರ್ತಿ ಹೊಸದಾಗಿ ಆಗಬೇಕು. ಕೆಲಸ ಹಿಡಿಸಿದರೆ ಮುಂದೆ ವರ್ಷಪೂರ್ತಿ ನಮ್ಮದೇ. ಅವಳು ನೋಡಿದ್ದು ನಾನು ಬೆಸುಗೆ ಹಾಕುವುದನ್ನು. ಮಾತಾಡಿದ್ದು ಅಣ್ಣನ ಜೊತೆ. "ಸೋಮವಾರ ಬೆಳಗ್ಗೆ ಮಷೀನು ನಿಲ್ಲಿಸಿರ್ತೀನಿ. ತಡವಾದ್ರೆ ಬೇರೆಯವರನ್ನ ಕರೀತೀನಿ," ಎಂದಳು. ಅಣ್ಣ ಆವತ್ತಿಂದ ನೆಲಕ್ಕೆ ಕಾಲೂರಲಿಲ್ಲ, ಕುಂಟುಕಾಲೂ ಸೇರಿ.

ಸೋಮವಾರ ಬೆಳಗ್ಗೆ ಪೈಪು ಕಟ್ಟಿಕೊಂಡಿತು.

ಉಪ್ಪುನೀರಿನ ಸಿರಿಂಜು ಸಿಕ್ಕಿಸಿ ಹೆಬ್ಬೆರಳು ಇಟ್ಟೆ. ಗೋಡೆಗೆ ಒತ್ತಿದ ಹಾಗಿತ್ತು. ತೋಳು ಮೇಲೆತ್ತಿಸಿದೆ, ಕೆಳಗಿಳಿಸಿದೆ, ಕೆಮ್ಮಿಸಿದೆ. ಕ್ಲಿಪ್ಪು ನೋಡಿದೆ, ತೆರೆದೇ ಇತ್ತು. ಮತ್ತೆ ಗೋಡೆ.

"ಹೋಗ್ತಿಲ್ಲ," ಎಂದೆ. "ಫೋನ್ ಮಾಡ್ತೀನಿ."

"ಮಾಡಿದ್ರೆ ಏನಂತಾರೆ?"

"ಬನ್ನಿ ಅಂತಾರೆ."

"ಹೋದ್ರೆ?"

"ಮದ್ದು ಹಾಕಿ ಬಿಡಿಸ್ತಾರೆ. ಹೇಳಿದ್ಲಲ್ಲ."

"ಕಾಯಿಸ್ತಾರೆ. ಮಧ್ಯಾಹ್ನದವರೆಗೂ ಬೆಂಚಲ್ಲಿ ಕೂರಿಸ್ತಾರೆ. ಅಷ್ಟರಲ್ಲಿ ಲಾಂಡ್ರಿಯವಳು ಬೇರೆಯವನನ್ನ ಕೂರಿಸಿರ್ತಾಳೆ." ಅವನು ಕುರ್ಚಿಯಿಂದ ಅರ್ಧ ಎದ್ದ, ಕೂತ, ಮತ್ತೆ ಎದ್ದ. "ಏನಿದು? ಪೈಪು ಕಟ್ಟಿದೆ, ಅಷ್ಟೇ. ನಾವಿಬ್ರೂ ಯಾರು? ಪೈಪು ಬಿಡಿಸೋರು. ನಾವು ಹೋಗಿ ಅವರ ಮುಂದೆ ಕೈಕಟ್ಟಿ ನಿಂತ್ಕೋಬೇಕಾ?"

"ಹೌದು."

ಅವನು ಬಲಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿ ಏನೋ ತೆಗೆದ. ಸಣ್ಣ ಸಿರಿಂಜು. ಕಿರುಬೆರಳಿಗಿಂತ ತೆಳು. ಕಾಗದದ ಲಕೋಟೆ ಇನ್ನೂ ಒಡೆದಿರಲಿಲ್ಲ.

"ಎಲ್ಲಿಂದ ಬಂತು ಇದು?"

"ಮದ್ದಿನಂಗಡಿಯಿಂದ. ಇರಲಿ ಅಂತ ತಂದಿಟ್ಟಿದ್ದೆ. ಸೀಲು ನೋಡು, ಚೊಕ್ಕವಾಗಿದೆ."

"ಸಣ್ಣದು ಬೇಡ ಅಂತ ಹೇಳಿದ್ಲು."

"ಯಾಕೆ ಬೇಡ ಅಂದ್ಲು? ಒತ್ತಡ ಜಾಸ್ತಿ ಅಂತ. ಕಟ್ಟಿರೋ ಪೈಪಿಗೆ ಏನು ಬೇಕು? ಹೇಳು. ನಾನು ಕಲಿಸಿದ್ದೇನು ನಿಂಗೆ?"

ಅವನು ಕಲಿಸಿದ್ದು ನನಗೆ ಗೊತ್ತಿತ್ತು. ಕೈಪಂಪಿನ ಕೊಳವೆ ಸಣ್ಣದಾದಷ್ಟೂ ಅದೇ ತೋಳಿನ ಬಲಕ್ಕೆ ನೀರಿನ ಒತ್ತಡ ಹೆಚ್ಚುತ್ತದೆ. ದೊಡ್ಡ ಪಂಪು ಸೋತಲ್ಲಿ ಸಣ್ಣದು ಗೆಲ್ಲುತ್ತದೆ. ಕಬ್ಬಿಣದ ಪೈಪಿನಲ್ಲಿ, ತಾಮ್ರದ ಪೈಪಿನಲ್ಲಿ ನಾನೇ ಎಷ್ಟು ಸಲ ಮಾಡಿದ್ದೆ. ನರ್ಸ್ ಬೇಡ ಎಂದು ಹೇಳಿದ ಮಾತನ್ನೇ ಅವನು ಜೇಬಿನಲ್ಲಿಟ್ಟುಕೊಂಡು ಬಂದಿದ್ದ, ಉಪಾಯ ಸಿಕ್ಕಿತು ಅಂತ.

"ಅಣ್ಣಾ, ಇದು ಲಾಂಡ್ರಿ ಲೈನ್ ಅಲ್ಲ."

"ಮೆಲ್ಲಗೆ ಒತ್ತು. ನಿಲ್ಲಿಸಿ ಒತ್ತು. ನಿನ್ನ ಕೈ ಮೇಲೆ ನಂಗೆ ನಂಬಿಕೆ ಇದೆ."

ಅಷ್ಟು ವರ್ಷಗಳಲ್ಲಿ ಅವನು ಆ ಮಾತು ಹೇಳಿದ್ದು ಅದೇ ಮೊದಲು. ಹೊರಗೆ ವ್ಯಾನಿನಲ್ಲಿ ತಾಮ್ರದ ಪೈಪು, ಬೆಸುಗೆ ದೀಪ ಎಲ್ಲ ತುಂಬಿ ಇಟ್ಟಿತ್ತು. ನಾನು ಲಕೋಟೆ ಹರಿದೆ, ಉಪ್ಪುನೀರು ಎಳೆದುಕೊಂಡೆ, ಪೈಪಿನ ಬಾಯಿ ಒರೆಸಿ ಆರಲು ಬಿಟ್ಟೆ, ಊದಲಿಲ್ಲ. ಸಿಕ್ಕಿಸಿ ಒತ್ತಿದೆ.

ಗೋಡೆ.

"ಇನ್ನೂ," ಎಂದ. "ಇನ್ನೊಂಚೂರು. ಒತ್ತು ಪಾನಾ!"

ಒತ್ತಿದೆ. ಬಿಟ್ಟಿತು. ಹೆಬ್ಬೆರಳ ಕೆಳಗೆ ಗೋಡೆ ಒಮ್ಮೆಗೇ ಮೆತ್ತಗಾಗಿ ಸಿರಿಂಜು ಖಾಲಿಯಾಯಿತು.

"ನೋಡಿದ್ಯಾ!" ಅಣ್ಣ ಬಲಗೈಯಿಂದ ತೊಡೆ ತಟ್ಟಿಕೊಂಡ. "ನೋಡಿದ್ಯಾ? ಅಷ್ಟೇ ವಿಷಯ. ಇದಕ್ಕೆ ಅಷ್ಟುದ್ದ ಬೆಂಚು, ಚೀಟಿ, ಕಾಯೋದು..."

ನಾನು ಹೆಬ್ಬೆರಳನ್ನು ನೋಡುತ್ತಿದ್ದೆ. ಕಟ್ಟಿದ್ದು ಬಿಟ್ಟುಕೊಂಡಾಗ ಹೀಗೇ ಆಗುತ್ತದೆ. ಜಾಯಿಂಟು ಒಡೆದಾಗಲೂ ಹೀಗೇ ಆಗುತ್ತದೆ. ಮೊದಲ ಗಳಿಗೆಯಲ್ಲಿ ಕೈಗೆ ಎರಡೂ ಒಂದೇ. ನೀರು ಎಲ್ಲಿಗೆ ಹೋಯಿತು ಅಂತ ನೋಡಬೇಕು.

ನೀರು ಪಾರದರ್ಶಕ ಪಟ್ಟಿಯ ಅಡಿಯಲ್ಲಿತ್ತು. ಮೊದಲು ಒಂದು ಹನಿ, ಗಾಜಿನ ಮಣಿಯ ಹಾಗೆ. ನೋಡನೋಡುತ್ತಲೇ ಅದು ಅಗಲವಾಗಿ, ಅಂಚು ದಾಟಿ, ಮೊಣಕೈ ಕಡೆ ಗೆರೆಯಾಗಿ ಇಳಿಯಿತು. ತಿಳಿ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಪೈಪಿನ ಬಾಲ ಮೈಯಿಂದ ಹೊರಬರುವ ಜಾಗಕ್ಕಿಂತ ತುಸು ಕೆಳಗೆ ಕೂದಲೆಳೆಯಂಥ ಸೀಳು.

"ಸೋರ್ತಿದೆ," ಎಂದೆ.

"ಎಲ್ಲಿ? ಅಯ್ಯೋ, ಅಷ್ಟೇನಾ." ಅವನ ಬಲಗೈ ಇನ್ನೊಂದು ಜೇಬಿಗೆ ಹೋಯಿತು. ಬಂದದ್ದು ನಲ್ಲಿಯ ತಿರುಪಿಗೆ ಸುತ್ತುವ ಬಿಳಿ ಟೇಪು. "ಎರಡು ಸುತ್ತು ಹಾಕು. ಲಾಂಡ್ರಿ ಮುಗಿಸ್ಕೊಂಡು ಆಮೇಲೆ..."

ನಾನು ಆ ಟೇಪನ್ನು ಕಿತ್ತು ಕೋಣೆಯ ಮೂಲೆಗೆ ಎಸೆದೆ. ಪಟ್ಟಿಯ ಅಂಚು ಬಿಡಿಸಿ, ಪೈಪಿನ ಬಾಲವನ್ನು ಸೀಳಿಗೂ ಮೈಗೂ ನಡುವೆ ಮಡಚಿ ಕ್ಲಿಪ್ಪು ಒತ್ತಿದೆ. ಚೊಕ್ಕ ಬಟ್ಟೆ ಸುತ್ತಿದೆ, ಸಣ್ಣ ಸಿರಿಂಜನ್ನು ನನ್ನ ಜಾಕೆಟ್ಟಿನ ಜೇಬಿಗೆ ಹಾಕಿಕೊಂಡೆ. ಆಮೇಲೆ ಅವನ ಅಂಗಿಯೊಳಗೆ ಕೈ ಹಾಕಿ ಕಪ್ಪು ದಾರವನ್ನು ತಲೆಯ ಮೇಲಿಂದ ಎಳೆದು ಕೀಲಿ ತೆಗೆದುಕೊಂಡೆ. ಕೊಡು ಅಂತ ಕೇಳಲಿಲ್ಲ. ಅವನ ಕಾಲು ಯಾರೂ ಹೇಳದೆಯೇ ಸುಮ್ಮನಿತ್ತು.

ದಾರಿಯಲ್ಲಿ ಸಿಗ್ನಲ್ಲು, ಮತ್ತೆ ಸಿಗ್ನಲ್ಲು. ಹಿಂದೆ ತಾಮ್ರದ ಪೈಪುಗಳು ಒಂದಕ್ಕೊಂದು ಬಡಿದು ಗಂಟೆಯ ಹಾಗೆ ಸದ್ದು ಮಾಡುತ್ತಿದ್ದವು. ಲಾಂಡ್ರಿಯವಳ ಫೋನು ಬಂತು, ನಿಂತಿತು, ಬಂತು, ನಿಂತಿತು. ಇಬ್ಬರೂ ಎತ್ತಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಎಂಜಿನ್ ನಿಲ್ಲಿಸಿದ ಕೂಡಲೇ ಅವನು ಕೈ ಚಾಚಿದ. ತೋಳಿಗೆ ರಕ್ತದ ಬಟ್ಟೆ ಸುತ್ತಿಕೊಂಡು, ಮುಖ ಬಿಳುಚಿಕೊಂಡು, ಆದರೂ ಚಾಚಿದ. ನನ್ನ ಕೈಯೂ ಅಭ್ಯಾಸಬಲದಿಂದ ಕೀಲಿಯನ್ನು ಅವನ ಅಂಗೈಯಲ್ಲಿಟ್ಟಿತು.

*

ಅದೇ ಕೋಣೆ, ಅದೇ ಮಂಚ, ಅದೇ ನರ್ಸ್. ಆಕೆ ಬಟ್ಟೆ ಬಿಚ್ಚಿ ಸೀಳನ್ನು ನೋಡಿ ಹೊಸ ಕೈಗವಸು ಹಾಕಿಕೊಂಡಳು.

"ತೆಗೀಬೇಕು. ಉಸಿರು ಬಿಗಿಹಿಡಿಯಿರಿ ಅಂದಾಗ ಹಿಡೀರಿ."

"ನೋವಾಗತ್ತಾ?"

"ಹಾಕುವಾಗ ಆಗದ್ದು ತೆಗೆಯುವಾಗ ಆಗಲ್ಲ."

ಅವನ ತಲೆ ಹಿಡಿಯಲು ಯಾರೂ ಹೇಳಲಿಲ್ಲ. ಆದರೂ ಮಂಚದ ತಲೆಯ ಕಡೆ ಹೋಗಿ ನಿಂತೆ. ಆಕೆ ಇಷ್ಟಿಷ್ಟೇ ಎಳೆದಳು. ಪೈಪು ಬರುತ್ತಲೇ ಇತ್ತು, ಅವನ ತೋಳಿನಿಂದ, ಭುಜದ ಹಿಂದಿನಿಂದ, ಹೊಸ್ತಿಲಿನಿಂದ, ಒದ್ದೆಯಾಗಿ, ಸದ್ದಿಲ್ಲದೆ. ಅವನಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಚಾವಣಿ ನೋಡುತ್ತಿದ್ದ. ಕೊನೆಗೆ ತುದಿ ಹೊರಬಂತು. ಆಕೆ ಗಾಯಕ್ಕೆ ಹತ್ತಿಯೊತ್ತಿ ನನ್ನ ಬೆರಳು ಅದರ ಮೇಲಿಟ್ಟು, ಪೈಪನ್ನು ತಟ್ಟೆಯಲ್ಲಿ ಉದ್ದಕ್ಕೆ ಮಲಗಿಸಿ ಪಕ್ಕಕ್ಕೆ ಅಳತೆಪಟ್ಟಿ ಇಟ್ಟಳು.

"ಯಾಕೆ ಅಳೀತೀರಿ?" ಎಂದ ಅಣ್ಣ.

"ಹಾಕಿದಷ್ಟು ಬಂತಾ ಅಂತ."

"ಬರದಿದ್ರೆ?"

ಆಕೆ ಬೆರಳಿನಿಂದ ಪೈಪನ್ನು ನೇರ ಮಾಡುತ್ತಾ ಹೋದಳು. ಆ ಕೋಣೆಯಲ್ಲಿ ಆಗ ಉಸಿರಾಡಿದ್ದು ಗೋಡೆಯ ಎ.ಸಿ. ಮಾತ್ರ. ಒತ್ತಿದ್ದು ನನ್ನ ಹೆಬ್ಬೆರಳು. ಒಡೆದ ತುಂಡೊಂದು ಒಳಗೇ ತೇಲಿಕೊಂಡು ಹೋಗಿದ್ದರೆ...

"ಪೂರ್ತಿ ಬಂದಿದೆ," ಎಂದಳು.

ನಾನು ಮಂಚದ ಕಬ್ಬಿಣ ಹಿಡಿದುಕೊಂಡೆ. ಅಣ್ಣ ಫೂ ಅಂತ ಉಸಿರುಬಿಟ್ಟ. ಬಿಟ್ಟ ಮರುಗಳಿಗೆಯೇ ಅವನ ಕಾಲು ಶುರುವಾಯಿತು. ಟಕ್ ಟಕ್ ಟಕ್.

"ಹಂಗಾದ್ರೆ ಇನ್ನೊಂದು ಹಾಕಿಬಿಡಿ ಸಿಸ್ಟರ್. ಬಲಗೈಗೆ ಹಾಕಿ. ಹೋಗ್ತೀವಿ."

ಆಕೆ ಕೈಗವಸು ಬಿಚ್ಚುತ್ತಾ ಸೀಳಿದ ತುದಿಯನ್ನು ದೀಪದ ಕೆಳಗೆ ಮತ್ತೊಮ್ಮೆ ಹಿಡಿದಳು. "ಡಾಕ್ಟರ್ ಬರ್ತಾರೆ. ಹೇಗಾಯ್ತು ಅಂತ ಕೇಳ್ತಾರೆ. ಪೈಪಿನ ದೋಷ ಆದ್ರೆ ಹೊಸದು ಹಾಕಿ ಮನೆಗೆ ಕಳಿಸ್ತಾರೆ. ಮನೇಲಿ ಏನಾದ್ರೂ ಆಗಿದ್ರೆ ಇಲ್ಲೇ ಇಟ್ಕೊಂಡು, ವಾರ್ಡಿನಲ್ಲೇ ಮದ್ದು ಮುಗಿಸ್ತಾರೆ." ಹೇಳುವಾಗ ಅವನನ್ನು ನೋಡಲಿಲ್ಲ. ನನ್ನನ್ನೂ ನೋಡಲಿಲ್ಲ. "ಕರ್ಕೊಂಡು ಬರ್ತೀನಿ."

ಬಾಗಿಲು ಮುಚ್ಚಿತು. ಅಣ್ಣ ಎದ್ದು ಕೂತ.

"ಪೈಪಿನ ದೋಷ," ಎಂದ ಮೆಲ್ಲಗೆ. "ಕೇಳಿಸ್ಕೊಂಡ್ಯಾ? ಬೆಳಗ್ಗೆ ಎದ್ದು ನೋಡಿದ್ವಿ, ತಾನಾಗೇ ಸೋರ್ತಿತ್ತು. ನಿದ್ದೇಲಿ ಮಗ್ಗುಲು ಬದಲಾಯಿಸಿದ್ದೆ. ಅಷ್ಟು ಹೇಳು ಸಾಕು. ನನ್ನ ಮಾತು ಇವರು ನಂಬಲ್ಲ. ನಿಂದು ನಂಬ್ತಾರೆ."

ನಾನು ಹತ್ತಿಯನ್ನು ಇನ್ನಷ್ಟು ಒತ್ತಿ ಹಿಡಿದೆ.

"ವಾರ್ಡಲ್ಲಿ ನನ್ನ ಕೈಲಿ ಇರೋಕಾಗಲ್ಲ ಕಣೆ. ಆ ಗೋಡೆ, ಆ ನಲ್ಲಿ. ನೀನೇ ನೋಡಿದ್ದೀಯ. ಹುಚ್ಚು ಹಿಡಿಯತ್ತೆ." ಅವನು ಹಾಗೆ ಬೇಡಿಕೊಂಡದ್ದನ್ನು ನಾನು ಕಂಡಿರಲಿಲ್ಲ. ಅದು ನಾಟಕ ಆಗಿರಲಿಲ್ಲ. ಕಣ್ಣು ಒದ್ದೆಯಾಗಿತ್ತು. "ಇನ್ನು ಸಣ್ಣ ಸಿರಿಂಜು ಮುಟ್ಟಲ್ಲ. ಆಣೆ."

"ಮುಂದಿನ ಸಲ ಕಟ್ಟಿಕೊಂಡ್ರೆ?"

"ಕಟ್ಕೊಳಲ್ಲ."

"ಕಟ್ಕೊಂಡ್ರೆ, ಅವತ್ತು ಇನ್ನೊಂದು ಲಾಂಡ್ರಿ ಇದ್ರೆ?"

ಅವನ ಕಾಲು ಟಕ್ ಟಕ್ ಅನ್ನುತ್ತಲೇ ಇತ್ತು, ಒಳ್ಳೇ ಕಾಲು. ಇನ್ನೊಂದು ದಿಂಬಿನ ಮೇಲೆ, ಬ್ಯಾಂಡೇಜಿನೊಳಗೆ ಸುಮ್ಮನೆ ಬಿದ್ದಿತ್ತು. ಬೆಳಗಿನ ಮದ್ದು ಇನ್ನೂ ಒಳಗೆ ಹೋಗಿರಲಿಲ್ಲ.

ಕಾರಿಡಾರಿನಲ್ಲಿ ಹೆಜ್ಜೆ ಸದ್ದು ಕೇಳಿ, ದಾಟಿ ಹೋಯಿತು. ಅವನು ಅವಸರವಸರವಾಗಿ ಬಲಗೈಯನ್ನು ಅಂಗಿಯೊಳಗೆ ಹಾಕಿದ. ಕಪ್ಪು ದಾರ ಹೊರಬಂತು. ದಾರದ ಸಮೇತ ಕೀಲಿಯನ್ನು ನನ್ನ ಮುಂದೆ ಹಿಡಿದ.

"ತಗೋ. ವ್ಯಾನು ನಿಂದೇ. ವಾಪಸ್ ಕೇಳಲ್ಲ. ಬೋರ್ಡು ಇವತ್ತೇ ಬದಲಾಯಿಸು. ತಂದೆ, ಮಗ ಎಲ್ಲ ಅಳಿಸಿ ಏನು ಬೇಕೋ ಬರೆಸು. ಲಾಂಡ್ರಿ ಕೆಲಸ ನಿನ್ನ ಹೆಸರಲ್ಲೇ ಹಿಡಿ, ನಾನೇ ಅವಳಿಗೆ ಫೋನ್ ಮಾಡಿ ಹೇಳ್ತೀನಿ. ಅವರು ಕೇಳಿದಾಗ ತಾನಾಗೇ ಸೋರ್ತು ಅಂತ ಒಂದು ಮಾತು ಹೇಳಿಬಿಡು."

ಅವನ ಮೈಯ ಬಿಸಿಗೆ ಕೀಲಿ ಬೆಚ್ಚಗಿದ್ದಿರಬೇಕು. ದಾರ ತೂಗುತ್ತಿತ್ತು. ಅಪ್ಪನ ಬೆವರಿಗೆ, ಅಣ್ಣನ ಬೆವರಿಗೆ ಗಟ್ಟಿಯಾಗಿ ಹೊಳೆಯುವ ದಾರ. ನನ್ನ ಬೆರಳು ಅವನ ತೋಳಿನ ಹತ್ತಿಯ ಮೇಲೇ ಇತ್ತು. ಹತ್ತಿಯ ಕೆಳಗೆ ನಾಡಿಯೋ ಏನೋ, ಅವನ ಕಾಲಿನಷ್ಟೇ ಅವಸರದಲ್ಲಿ ಬಡಿಯುತ್ತಿತ್ತು.

ನಾನು ಇನ್ನೊಂದು ಕೈಯನ್ನು ಜಾಕೆಟ್ಟಿನ ಜೇಬಿಗೆ ಹಾಕಿ ಸಣ್ಣ ಸಿರಿಂಜನ್ನು ತೆಗೆದು ತಟ್ಟೆಯಲ್ಲಿ, ಸೀಳಿದ ಪೈಪಿನ ಪಕ್ಕದಲ್ಲಿಟ್ಟೆ. ಬಾಗಿಲ ಹಿಡಿ ತಿರುಗಿತು.

"ಹಿಡಿ," ಎಂದ ಅಣ್ಣ, ಹಲ್ಲು ಕಚ್ಚಿಕೊಂಡು, ಕೀಲಿಯನ್ನು ನನ್ನ ಅಂಗೈಗೆ ಒತ್ತುತ್ತಾ. "ಬೇಗ ಹಿಡಿ."

"ಬೇಡ," ಎಂದೆ.